ಹುಡುಗ ತಾನಾಗಿ ಓದಂಗಿಲ್ರಿ, ಜವಾಬ್ದಾರಿ ಯಾರದು?

ಪ್ರಶ್ನೆ: ನಮ್ಮ ಹುಡುಗ ಈ ಸಲ ಹತ್ತನೇ ಕ್ಲಾಸ್, ಸರ್ಕಾರಿ ಹೈಸ್ಕೂಲು. ಎಷ್ಟು ಬೈದರೂ ತಾನಾಗಿ ಪುಸ್ತಕ ಹಿಡಿಯಂಗಿಲ್ಲ. ಕೇಳಿದರ "ಗಣಿತಕ್ಕ ಮಾಸ್ತರೇ ಇಲ್ಲ, ನಾ ಏನ್ ಮಾಡ್ಲಿ" ಅಂತಾನ. ಸಾಲಿಗೆ ಹೋಗಿ ಕೇಳಿದರ "ಮನ್ಯಾಗ ನೀವು ನೋಡ್ಕೋರಿ" ಅಂತಾರ. ಓದೋ ಜವಾಬ್ದಾರಿ ಖರೇನ ಯಾರದ್ರಿ?

ಉತ್ತರ: ನಮ್ಮ ಕಲ್ಯಾಣ ಕರ್ನಾಟಕದಲ್ಲಿ, ಜೇವರ್ಗಿಯಿಂದ ಔರಾದದವರೆಗೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಈ ಪ್ರಶ್ನೆ ಎಲ್ಲರ ಬಾಯಲ್ಲೂ ಇರುತ್ತದೆ. ಮುಂಗಾರು ಬಿತ್ತನೆ ಶುರುವಾದರೆ ಮರೆತೇಹೋಗುತ್ತದೆ. ಪಾಠ ಹೇಳಿಸುವುದು ಸರ್ಕಾರದ್ದು, ಕೂತು ಓದಲು ಹೊತ್ತು ಮಾಡಿಕೊಡುವುದು ಮನೆಯವರದು, ಪುಸ್ತಕ ಮುಚ್ಚಿ ಬರೆದು ನೋಡುವುದು ಹುಡುಗನದು. ಈ ಕೊನೆಯದನ್ನು ಅವನ ಬದಲು ಯಾರೂ ಮಾಡಲಾಗದು. ಆದರೆ ಮೊದಲೆರಡರ ಬಗ್ಗೆ ತುಟಿ ಬಿಚ್ಚದೆ ಕೊನೆಯದನ್ನಷ್ಟೇ ಕೇಳುವ ಹಿರಿಯರ ಮಾತು ಹುಡುಗರ ಕಿವಿಗೆ ಬೀಳುವುದಿಲ್ಲ. ಬೀಳದಿದ್ದರೆ ಅವರನ್ನು ದೂರುವಂತೆಯೂ ಇಲ್ಲ.

2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ, ದಕ್ಷಿಣ ಕನ್ನಡ ಶೇ 91.12 ಫಲಿತಾಂಶ ಪಡೆದು ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ 42.43ಕ್ಕೆ ನಿಂತು ಕೊನೆಯಲ್ಲಿತ್ತು. ಅದರ ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಯದು, ಶೇ 50.59. ಕರಾವಳಿಯ ಮಕ್ಕಳು ಕಷ್ಟಪಡುತ್ತಾರೆ, ನಮ್ಮವು ಮೈಗಳ್ಳ ಅಂತ ಇದನ್ನು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಟ್ಟಿಗೇ ಮೈಗಳ್ಳರಾಗುವುದು ಎಲ್ಲಿಯಾದರೂ ಉಂಟೆ? ಖಾಲಿ ಹುದ್ದೆಗಳು, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರು, ಹತ್ತಿ ಬಿಡಿಸುವ ಕಾಲಕ್ಕೆ ಬರಿದಾಗುವ ಬೆಂಚುಗಳು, ಮಕ್ಕಳನ್ನು ಮುತ್ಯಾನ ಹತ್ತಿರ ಬಿಟ್ಟು ಪುಣೆ, ಮುಂಬೈಗೆ ದುಡಿಯಲು ಹೋದ ಅಪ್ಪ-ಅವ್ವ: ಇವೆಲ್ಲ ಆ ಸಂಖ್ಯೆಯೊಳಗೆ ಇವೆ. ಈ ಭಾಗ ಹಿಂದುಳಿದಿದೆ ಎಂಬ ಕಾರಣಕ್ಕೇ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಇದಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂದದ್ದು. ಹಾಗಾಗಿ "ಮಾಸ್ತರಿಲ್ಲ" ಎಂದ ಹುಡುಗ ಸುಳ್ಳು ಹೇಳುತ್ತಿಲ್ಲ. ಅದನ್ನು ಸರಿಪಡಿಸಿ ಎಂದು ಸರ್ಕಾರವನ್ನು ಕೇಳುವ ಕೆಲಸವೂ ಅವನದಲ್ಲ, ನಿಮ್ಮದು. ನಾಲ್ಕು ಪಾಲಕರು ಸೇರಿ ಸಾಲಿಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಬಾಯಿಬಿಟ್ಟು ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಇನ್ನು ನಮ್ಮಲ್ಲಿ ಯಾರೂ ಆಡಲು ಇಷ್ಟಪಡದ ಮಾತು. ಹುಡುಗರ ಕೈಯಿಂದ ಜವಾಬ್ದಾರಿ ಕಸಿದುಕೊಂಡವರು ಹಿರಿಯರೇ. ಪರೀಕ್ಷಾ ಕೇಂದ್ರದ ಕಾಂಪೌಂಡ್ ಏರಿ ಚೀಟಿ ಎಸೆಯುತ್ತಿದ್ದವರು ಯಾರು? ಅಣ್ಣ, ಮಾವ, ಓಣಿಯ ಡಿಗ್ರಿ ಹುಡುಗ. ಅದನ್ನು ಸಹಾಯ ಅಂತಲೇ ಕರೆಯುತ್ತಿದ್ದರು. ನೋಡುತ್ತ ಬೆಳೆದ ಮಗು ಏನು ಕಲಿತೀತು? ಪಾಸು ಮಾಡಿಸುವುದು ದೊಡ್ಡವರ ಕೆಲಸ, ಹೋಗಿ ಕೂರುವುದು ತನ್ನ ಕೆಲಸ ಅಂತ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ, ಅಂದರೆ ಒಳಗಿನದನ್ನು ದೂರದಿಂದಲೇ ನೇರವಾಗಿ ನೋಡುವ ಕ್ಯಾಮೆರಾ, ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಪಾಸಾಗಲೆಂದು ಕೊಡುವ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕ್ಯಾಮೆರಾ ಬಂದದ್ದಕ್ಕೆ ಬೇಜಾರಾದ ಪಾಲಕರನ್ನು ನಾನು ಬಲ್ಲೆ. ನನಗೇನೋ ಅದು ಒಳ್ಳೆಯದೇ ಆಯಿತು ಅನಿಸುತ್ತದೆ.

ಹುಡುಗನ ಪಾಲಿನ ಕೆಲಸಕ್ಕೆ ಬರೋಣ. ಒಟ್ಟು 625 ಅಂಕಗಳಲ್ಲಿ 125 ಸಾಲಿಯಲ್ಲೇ ಹಾಕುವ ಆಂತರಿಕ ಮೌಲ್ಯಮಾಪನದ್ದು, ಉಳಿದ 500 ಮೂರು ತಾಸು ಕೂತು ಬರೆದೇ ಗಳಿಸಬೇಕಾದದ್ದು. ಆದರೆ ನಮ್ಮ ಮನೆಗಳಲ್ಲಿ ಅಭ್ಯಾಸ ಎಂದರೆ ಗೈಡ್ ಹಿಡಿದು ಗಟ್ಟಿಯಾಗಿ ಓದುವುದು. ಅಡುಗೆಮನೆಗೆ ದನಿ ಕೇಳಿದರೆ ಅವ್ವನಿಗೂ ಸಮಾಧಾನ. ಹತ್ತನೇ ತರಗತಿ ಗಣಿತದ ಥೇಲ್ಸ್ ಪ್ರಮೇಯವನ್ನೇ ತೆಗೆದುಕೊಳ್ಳಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುತ್ತದೆ ಅದು. ಎಬಿಸಿ ತ್ರಿಭುಜ, ಬಿಸಿಗೆ ಸಮಾಂತರವಾಗಿ ಡಿಇ. ಐದು ಸಲ ಓದಿದವನಿಗೆ ಎಲ್ಲ ಗೊತ್ತು ಅನಿಸುತ್ತದೆ. ಪುಸ್ತಕ ಮುಚ್ಚಿಸಿ ಬರೆಯಲು ಹೇಳಿ. ಚಿತ್ರ ಬರುತ್ತದೆ, ದತ್ತ ಬರುತ್ತದೆ, ಸಾಧನೀಯ ಬರುತ್ತದೆ. ಬಿಇ, ಸಿಡಿ ಸೇರಿಸುತ್ತಾನೆ, ಲಂಬಗಳನ್ನೂ ಎಳೆಯುತ್ತಾನೆ, ವಿಸ್ತೀರ್ಣಗಳ ಅನುಪಾತದವರೆಗೂ ಹೋಗುತ್ತಾನೆ. ಬಿಡಿಇ ಮತ್ತು ಡಿಇಸಿ ತ್ರಿಭುಜಗಳ ವಿಸ್ತೀರ್ಣ ಸಮ ಎಂಬಲ್ಲಿ ಪೆನ್ನು ನಿಲ್ಲುತ್ತದೆ. ಯಾಕೆ ಸಮ? ಎರಡೂ ಡಿಇ ಎಂಬ ಒಂದೇ ಪಾದದ ಮೇಲೆ, ಒಂದೇ ಜೋಡಿ ಸಮಾಂತರ ರೇಖೆಗಳ ನಡುವೆ ಇವೆ, ಅದಕ್ಕೆ. ಪ್ರಮೇಯದ ಜೀವ ಇರುವುದು ಈ ಒಂದು ಸಾಲಿನಲ್ಲಿ. ಓದುವಾಗ ಕಣ್ಣು ಅದರ ಮೇಲೆ ಜಾರಿಕೊಂಡು ಹೋಗಿರುತ್ತದೆ. ಪೆನ್ನು ನಿಂತ ಜಾಗದಿಂದಲೇ ಅವನ ಅಭ್ಯಾಸ ಶುರುವಾಗಬೇಕು, ಆ ಜಾಗ ಯಾವುದೆಂದು ಹುಡುಕುವ ಕೆಲಸವೂ ಅವನದೇ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಒಂದು ಗುಂಪಿಗೆ ಒಂದೇ ಪಾಠವನ್ನು ನಾಲ್ಕು ಸರತಿ ಓದಿಸಿದರು, ಇನ್ನೊಂದಕ್ಕೆ ಒಂದೇ ಸರತಿ ಓದಿಸಿ ಮೂರು ಸಲ ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ನೋಡಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಓದಿದವರಿಗೆ ಸುಮಾರು ಶೇ 40ರಷ್ಟು ನೆನಪಿತ್ತು, ಬರೆದವರಿಗೆ ಶೇ 61ರಷ್ಟು. "ರಾತ್ರಿ ಎಲ್ಲಾ ಬರ್ತಿತ್ರಿ, ಪೇಪರ್ ನೋಡಿದ ಕೂಡಲೇ ಮರ್ತ್ಹೋತು" ಎನ್ನುವ ಮಕ್ಕಳು ನಾಟಕ ಮಾಡುತ್ತಿರುವುದಿಲ್ಲ. ರಾತ್ರಿ ಬಂದಂತೆ ಅನಿಸಿದ್ದು ಮೊದಲ ಐದು ನಿಮಿಷದ ಲೆಕ್ಕ.

ಗಣಿತ ಮಾಸ್ತರರಿಲ್ಲದ ಸಾಲಿಯಲ್ಲೂ ಇಷ್ಟನ್ನು ಮಾಡಬಹುದು. ಪಠ್ಯಪುಸ್ತಕದಲ್ಲೇ ಬಿಡಿಸಿದ ಉದಾಹರಣೆಗಳಿವೆ. ಉತ್ತರದ ಮೇಲೆ ಕೈ ಮುಚ್ಚಿ ತಾನು ಬಿಡಿಸುವುದು, ಆಮೇಲೆ ಹೋಲಿಸುವುದು. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಬರದೇ ಇದ್ದದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ವಿಜ್ಞಾನದ ಅಕ್ಕೋರನ್ನೋ, ಮುಂದಿನ ಕ್ಲಾಸಿನ ಹುಡುಗರನ್ನೋ ಕೇಳಬೇಕು. ಬರೀ "ಗಣಿತ ಬರಂಗಿಲ್ರಿ" ಎಂದರೆ ಯಾರೂ ಏನೂ ಮಾಡಲಾಗದು. "ಈ ಸಾಲು ಯಾಕ ಹಿಂಗ್ರಿ" ಎಂದರೆ ಯಾರಾದರೂ ನಿಂತು ಹೇಳುತ್ತಾರೆ.

ಮನೆಯವರಿಗೆ ಎರಡು ಮಾತು. ಹುಡುಗನ ಬಗ್ಗೆ ಪ್ರಶ್ನೆ ಕೇಳಿದ್ದೀರಿ. ಹುಡುಗಿಯಾಗಿದ್ದರೆ ಕೇಳುತ್ತಿದ್ದಿರೋ ಇಲ್ಲವೋ. ಸಾಲಿಯಿಂದ ಬಂದವಳು ನೀರು ತಂದು, ಹಿಟ್ಟು ನಾದಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು ಒಂಬತ್ತಕ್ಕೆ ಪುಸ್ತಕ ತೆಗೆಯುತ್ತಾಳೆ. ಅವಳ ಪಾಲಿನ ಜವಾಬ್ದಾರಿ ಅವಳು ಯಾವಾಗಲೋ ಹೊತ್ತಾಗಿದೆ, ಹೊತ್ತು ಕೊಡುವ ಜವಾಬ್ದಾರಿ ಮಾತ್ರ ಮನೆಯವರು ಹೊತ್ತಿಲ್ಲ. ಅದೇ ಹೊತ್ತಿಗೆ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತ ಅಣ್ಣನಿಗೆ ಹೊತ್ತಿನ ಕೊರತೆ ಇರುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪಾಲಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ(ಕೆ) ಹೇಳುತ್ತದೆ. ಹತ್ತನೇ ಕ್ಲಾಸಿನ ಮಗುವಿಗೆ ಹದಿನೈದು, ಆ ಸಾಲು ಅಲ್ಲಿಗೆ ತಲುಪುವುದಿಲ್ಲ. ಆದರೂ ತೊಗರಿ ರಾಶಿ ಬಂದಾಗ ಸಾಲಿ ಬಿಡಿಸಬಾರದು ಎಂಬುದಕ್ಕೆ ಕಾನೂನು ಬೇಕೇ, ನೀವೇ ಹೇಳಿ. ಇನ್ನು ಬೈಗುಳ: "ಓದಿದಿ?" ಎಂದು ಕೇಳಿದರೆ "ಹೂಂ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಇವತ್ತು ಮುಚ್ಚಿ ಬರ್ದಿದ್ದು ತೋರ್ಸು" ಎನ್ನಿ. ನಿಮಗೆ ಅಕ್ಷರ ಬಾರದಿದ್ದರೂ ಹಾಳೆ ತುಂಬಿದೆಯೋ ಇಲ್ಲವೋ ಕಾಣುತ್ತದೆ.

ಮಾರ್ಚ್‌ನಲ್ಲಿ ಎಡವಿದರೂ ವರ್ಷ ಹಾಳಾಗುವುದಿಲ್ಲ. 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪರೀಕ್ಷೆ-2 ಬರೆಯುವಂತಾದರೆ ಹೆಸರು ಕೊಡಲು ನೀವು ಹೋಗಬೇಡಿ. ಕೊನೆಯ ದಿನಾಂಕ ಯಾವುದು, ಯಾವ ವಿಷಯ ಮತ್ತೆ ಬರೆಯಬೇಕು ಅಂತ ಅವನೇ ಹೆಡ್‌ಮಾಸ್ತರರನ್ನು ಕೇಳಿಕೊಂಡು ಬರಲಿ.