ರಿಪೋರ್ಟ್ ನಾರ್ಮಲ್ ಇತ್ತು, ಮೂಳೆ ಮುರಿಯಿತು

“ಮೂಳೆ ಗಟ್ಟಿಯಿದೆ ಎಂದು ನೀವೇ ಹೇಳಿದ್ದಿರಲ್ಲ ಡಾಕ್ಟರೇ?” ತೀರ್ಥಹಳ್ಳಿ ಕಡೆಯ ಆ ಅಮ್ಮ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಕೇಳಿದರು. ಹೇಳಿದ್ದು ನಿಜ. ಎರಡು ವರ್ಷದ ಹಿಂದೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಅವರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 0.8 ಬಂದಿತ್ತು. ಮೈನಸ್ 1ರವರೆಗೆ ಸಹಜ, ಮೈನಸ್ 2.5ಕ್ಕೆ ಇಳಿದರೆ ಮೂಳೆ ಟೊಳ್ಳು ಎಂಬುದು ಲೆಕ್ಕ. ಈಗ ಆಷಾಢದ ಮಳೆಯಲ್ಲಿ ಕೊಟ್ಟಿಗೆಗೆ ಹೊರಟವರು ಅಂಗಳದಲ್ಲಿ ಜಾರಿ ಕುಳಿತಂತೆ ಬಿದ್ದಿದ್ದಾರೆ. ಅಷ್ಟಕ್ಕೇ ಸೊಂಟದ ಬಳಿ ತೊಡೆಮೂಳೆ ಮುರಿದಿದೆ. ಅವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಅಂದು ರಿಪೋರ್ಟ್ ಓದುವಾಗ ಆ ಹದಿನಾಲ್ಕು ವರ್ಷವನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ತಪ್ಪು ನನ್ನದು.

ಡೆಕ್ಸಾ ಅಳೆಯುವುದು ಮೂಳೆಯ ಖನಿಜಾಂಶವನ್ನು. ಟೈಪ್ 2 ಮಧುಮೇಹಿಗಳಲ್ಲಿ ಅದು ಸಹಜವಾಗಿಯೇ ಇರುತ್ತದೆ, ಎಷ್ಟೋ ಸಲ ತುಸು ಹೆಚ್ಚೂ ಇರುತ್ತದೆ. ಕೆಡುವುದು ಬೇರೊಂದು. ಮೂಳೆಗೆ ಬಿಗಿ ಬರುವುದು ಸುಣ್ಣದಿಂದ, ಬಾಗುವ ಗುಣ ಬರುವುದು ಕೊಲಾಜೆನ್ ಎಂಬ ನಾರಿನಿಂದ. ರಕ್ತದಲ್ಲಿ ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆ ಆ ನಾರಿಗೆ ಅಂಟಿಕೊಂಡು ಅದನ್ನು ಪೆಡಸಾಗಿಸುತ್ತದೆ. ಹಳೆಯ ಮೂಳೆ ಕರಗಿ ಹೊಸದು ಕಟ್ಟುವ ಕೆಲಸವೂ ಮಂದವಾಗುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ನಾವು ಹಾಸುವ ಅಡಿಕೆ ದಬ್ಬೆಯನ್ನೇ ನೋಡಿ. ಹೊಸ ದಬ್ಬೆ ಕಾಲಿಟ್ಟರೆ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ನಾಲ್ಕಾರು ಮಳೆಗಾಲ ಕಂಡ ದಬ್ಬೆ ನೋಡಲು ಅಷ್ಟೇ ದಪ್ಪ, ತುಳಿದರೆ ಲಟಕ್ಕನೆ ಮುರಿಯುತ್ತದೆ. ನಾನು ದಪ್ಪವನ್ನಷ್ಟೇ ಅಳೆದು ಗಟ್ಟಿ ಎಂದಿದ್ದೆ.

ಈಗ ಸಕ್ಕರೆ ಕಾಯಿಲೆ ಇರುವವರ ಟಿ-ಸ್ಕೋರನ್ನು ಇನ್ನೂ 0.5ರಷ್ಟು ಇಳಿಸಿಯೇ ಓದುತ್ತೇನೆ. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಧುಮೇಹ ಇರುವವರಲ್ಲಿ ಸಾಂದ್ರತೆಯೂ ಕಡಿಮೆ, ಅಪಾಯ ಇನ್ನೂ ಹೆಚ್ಚು.

ಆದರೆ ಮೂಳೆ ಮುರಿಯಬೇಕಾದರೆ ಮೊದಲು ಬೀಳಬೇಕಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ಪಾದದ ಸ್ಪರ್ಶ ಹೋಗಿದೆಯೇ ಎಂದು ಅಮ್ಮನ ಅಂಗಾಲಿಗೆ ನೈಲಾನ್ ಎಳೆ ಒತ್ತಿ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದ ಅವರು “ಮುಟ್ಟಿದಿರಾ?” ಎಂದು ಕೇಳಿದರು. ಆಗಲೇ ನಾಲ್ಕು ಕಡೆ ಒತ್ತಿಯಾಗಿತ್ತು. ಅಂಗಳಕ್ಕೆ ಮಗ ದಬ್ಬೆ ಹಾಸಿದ್ದ. ಕಾಲು ಅದರ ಅಂಚು ದಾಟಿ ಪಾಚಿಯ ಮೇಲೆ ಹೋದದ್ದು ಅವರಿಗೆ ತಿಳಿದೇ ಇರಲಿಲ್ಲ.

ಹಾಗಾಗಿ ಈಗ ಬಂದವರನ್ನೆಲ್ಲ ಕೇಳುತ್ತೇನೆ: ಕಾಲು ಜೋಮು ಹಿಡಿಯುತ್ತದೆಯೇ? ಕಣ್ಣಿನ ಪರೀಕ್ಷೆ ಯಾವಾಗ ಆಯಿತು? ರಾತ್ರಿ ಎಷ್ಟು ಸಲ ಎದ್ದು ಬಚ್ಚಲಿಗೆ ಹೋಗುತ್ತೀರಿ, ದೀಪ ಇದೆಯೇ? ಬೆಳಗಿನ ಜಾವ ಬೆವರಿ ಕೈ ನಡುಗುತ್ತದೆಯೇ? ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿದು ತಲೆ ಸುತ್ತುವುದುಂಟು. ಸಕ್ಕರೆ ಕಾಯಿಲೆಗೇ ಕೊಡುವ ಪಯೋಗ್ಲಿಟಜೋನ್ ಮಾತ್ರೆ ಹೆಂಗಸರಲ್ಲಿ ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುತ್ತದೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡಬೇಡಿ. ಚೀಟಿಯನ್ನೂ ಮಾತ್ರೆಗಳನ್ನೂ ತಂದು ನಿಮ್ಮ ವೈದ್ಯರಿಗೆ ತೋರಿಸಿ.

ಇಂಥ ಸಣ್ಣ ಬೀಳುವಿಕೆಗೆ ಸೊಂಟ ಮುರಿದವರಿಗೆ, ಟಿ-ಸ್ಕೋರ್ ಎಷ್ಟೇ ಇರಲಿ, ಮೂಳೆಗೆ ಔಷಧ ಬೇಕು. ಅಮ್ಮನ ವಿಟಮಿನ್ ಡಿ ಕೊರತೆ ಸರಿಪಡಿಸಿ, ಮೂತ್ರಪಿಂಡ ಚೆನ್ನಾಗಿರುವುದನ್ನು ನೋಡಿಕೊಂಡು, ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಆರಂಭಿಸಿದೆವು. ಮೊನ್ನೆ ವಾಕರ್ ಹಿಡಿದು ಬಂದಿದ್ದರು. ಜಗಲಿಯಿಂದ ಕೊಟ್ಟಿಗೆಯವರೆಗೆ ಮಗ ಬಿದಿರಿನ ಕೈಹಿಡಿ ಕಟ್ಟಿದ್ದಾನಂತೆ.