ಮೊದಲು ಗಾಳಿ ಅಳೆಯಿರಿ, ಆಮೇಲೆ ಗನ್ ಕೊಳ್ಳಿ: ಕಾರ್ ಪೇಂಟಿಂಗ್ ಕಲಿಯುವವರಿಗೆ ಟಿಪ್ಪಣಿ

ಹಳೆಯ ಮಾರುತಿ 800ರ ಬಾನೆಟ್ಟಿಗೆ ನಾನು ಮೊದಲ ಸಲ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಕೋಟ್) ಹೊಡೆದಾಗ ಎಡಗಡೆಯ ಅರ್ಧ ಕನ್ನಡಿಯ ಹಾಗೆ ಬಂತು, ಬಲಗಡೆಯ ಅರ್ಧ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಯಿತು. ಅದೇ ಡಬ್ಬ, ಅದೇ ಕೈ, ಅದೇ ಸ್ಪ್ರೇ ಗನ್. ಗನ್ ಹೊಸದು, ಎಚ್‌ವಿಎಲ್‌ಪಿ ಜಾತಿಯದು (ಅದೇನೆಂದು ಮುಂದೆ ಹೇಳುತ್ತೇನೆ), ಕೂಡಿಟ್ಟ ದುಡ್ಡಲ್ಲಿ ತಂದದ್ದು. ಬಿಚ್ಚಿ ತೊಳೆದೆ, ನಾಜಲ್ (ಬಣ್ಣ ಹೊರಬರುವ ತೂತು) ನೋಡಿದೆ, ಥಿನ್ನರ್ ಇನ್ನಷ್ಟು ಸುರಿದೆ. ಮೇಸ್ತ್ರಿ ದೂರದಿಂದಲೇ ನೋಡಿ, "ಗನ್ನಿಗೆ ಯಾಕೋ ಬೈತೀಯ? ಹೋಗಿ ಕಂಪ್ರೆಸರ್ ಮುಳ್ಳು ನೋಡು" ಅಂದರು. ಗಾಳಿಯ ಒತ್ತಡ ತೋರಿಸುವ ಆ ಮುಳ್ಳು 3 ಬಾರ್‌ಗಿಂತ ಕೆಳಗೆ ಮಲಗಿತ್ತು.

ಗನ್ ಯಾವುದು ಒಳ್ಳೆಯದು ಅಂತ ಹೊಸಬರೆಲ್ಲ ಕೇಳುತ್ತಾರೆ. ಆ ಪ್ರಶ್ನೆ ಎರಡನೆಯದು. ನಿಮ್ಮ ಕಂಪ್ರೆಸರ್ ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನುವುದು ಮೊದಲನೆಯದು.

ಗಾಳಿಯ ಲೆಕ್ಕ

ಕಂಪ್ರೆಸರಿನ ಡಬ್ಬಿಯ ಮೇಲೆ ಬರೆದ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಅಂಕಿ ನಂಬಬೇಡಿ. ಅದು ಬಹಳ ಸಲ ಪಿಸ್ಟನ್ನಿನ ಅಳತೆಯಿಂದ ಹಾಕಿದ ಲೆಕ್ಕ, ಪೈಪಿನಿಂದ ನಿಜವಾಗಿ ಹೊರಬರುವ ಗಾಳಿಯದ್ದಲ್ಲ. ಅಳೆಯುವುದು ಸುಲಭ. ಗನ್ ಮುಚ್ಚಿಡಿ, ಟ್ಯಾಂಕ್ ಖಾಲಿಯಿಂದ ತುಂಬಲು ಬಿಡಿ. ಮುಳ್ಳು 4 ಬಾರ್ ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, 6 ಬಾರ್‌ಗೆ ನಿಲ್ಲಿಸಿ. ಟ್ಯಾಂಕಿನ ಲೀಟರನ್ನು ಏರಿದ ಬಾರ್‌ನಿಂದ ಗುಣಿಸಿ, ಹಿಡಿದ ನಿಮಿಷದಿಂದ ಭಾಗಿಸಿ. ನನ್ನದು 1 ಎಚ್‌ಪಿ ಮೋಟಾರು, 50 ಲೀಟರ್ ಟ್ಯಾಂಕ್. 2 ಬಾರ್ ಏರಲು ಸರಿಯಾಗಿ ಒಂದು ನಿಮಿಷ. ಅಂದರೆ ನಿಮಿಷಕ್ಕೆ 100 ಲೀಟರ್. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28.3 ಲೀಟರ್, ಹಾಗಾಗಿ ನನಗೆ ಸಿಗುವುದು ಮೂರೂವರೆ ಸಿಎಫ್‌ಎಂ.

ನಾನು ತಂದ ಗನ್ ಕೇಳುವುದು 12 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 340 ಲೀಟರ್. ಕಂಪ್ರೆಸರ್ ಓಡುತ್ತಿದ್ದರೂ ನಿಮಿಷಕ್ಕೆ 240 ಲೀಟರ್ ಕೊರತೆ. ಅದನ್ನು ತುಂಬಲು ಟ್ಯಾಂಕಿನಲ್ಲಿ ಇರುವುದೆಷ್ಟು? 7 ಬಾರ್‌ನಿಂದ 3 ಬಾರ್‌ಗೆ ಇಳಿಯುವವರೆಗೆ 4 ಗುಣಿಸು 50, ಬರೀ 200 ಲೀಟರ್. ಇದನ್ನು 240ರಿಂದ ಭಾಗಿಸಿದರೆ 50 ಸೆಕೆಂಡ್. ಬಾನೆಟ್ಟಿನ ಅರ್ಧಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅಷ್ಟೇ ಸಮಯವಾಗಿತ್ತು. ಗನ್ನಿನದ್ದೇನೂ ತಪ್ಪಿರಲಿಲ್ಲ.

ಇದೇ ಲೆಕ್ಕವನ್ನು ನಿಮಿಷಕ್ಕೆ 300 ಲೀಟರ್ ಕೊಡುವ ಮಶೀನಿಗೂ 200 ಲೀಟರ್ ಟ್ಯಾಂಕಿಗೂ ಹಾಕಿ ನೋಡಿ. ಕೊರತೆ 40 ಲೀಟರ್, ಉಗ್ರಾಣದಲ್ಲಿ 800. ಇಪ್ಪತ್ತು ನಿಮಿಷ ಟ್ರಿಗರ್ ಬಿಡದೆ ಒತ್ತಿ ಹಿಡಿಯಬಹುದು. ಬಾಗಿಲು, ಬಾನೆಟ್, ಫೆಂಡರ್ ಯಾವುದಕ್ಕೂ ಚಿಂತೆಯಿಲ್ಲ.

ಇನ್ನೊಂದು ಕಳ್ಳ ಇದ್ದಾನೆ, ಏರ್ ಪೈಪ್. 6 ಎಂಎಂ ಒಳ ಅಗಲದ ಉದ್ದದ ಪೈಪು ಗೋಡೆಯ ರೆಗ್ಯುಲೇಟರಿನಲ್ಲಿ ತೋರಿಸಿದ ಒತ್ತಡವನ್ನು ಗನ್ನಿನವರೆಗೆ ತಲುಪಿಸುವುದಿಲ್ಲ. 9 ಅಥವಾ 10 ಎಂಎಂ ಹಾಕಿ. ಗನ್ನಿನ ಹಿಡಿಕೆಯ ಕೆಳಗೆ ಚಿಕ್ಕ ಗೇಜ್ ಕೂರಿಸಿ, ಟ್ರಿಗರ್ ಒತ್ತಿ ಹಿಡಿದಾಗ ಅದು ತೋರಿಸುವ ಅಂಕಿಯೇ ಅಂಕಿ. ಬಿಟ್ಟಾಗ ತೋರಿಸುವುದಕ್ಕೆ ಬೆಲೆಯಿಲ್ಲ.

ಗನ್ನುಗಳಲ್ಲಿ ಯಾವುದು

ಬಣ್ಣ ತುಂಬುವ ಬಟ್ಟಲು ಕೆಳಗಿದ್ದರೆ ಸಕ್ಷನ್ ಗನ್, ಮೇಲಿದ್ದರೆ ಗ್ರ್ಯಾವಿಟಿ. ಸಕ್ಷನ್ನಿನಲ್ಲಿ ಗಾಳಿಯೇ ಬಣ್ಣವನ್ನು ಮೇಲಕ್ಕೆ ಎಳೆಯಬೇಕು, ಒತ್ತಡ ಹೆಚ್ಚು ಬೇಕು, ತಳದಲ್ಲಿ ಬಣ್ಣ ಉಳಿದು ಪೋಲು. ಕಾರಿನ ಕೆಲಸಕ್ಕೆ ಗ್ರ್ಯಾವಿಟಿ ತೆಗೆದುಕೊಳ್ಳಿ, ಈ ಬಗ್ಗೆ ವಾದವೇ ಬೇಡ.

ಎಚ್‌ವಿಎಲ್‌ಪಿ ಎಂದರೆ ಗಾಳಿ ಬಹಳ, ಒತ್ತಡ ಕಡಿಮೆ. ಗನ್ನಿನ ಮೂತಿಯ ಏರ್ ಕ್ಯಾಪಿನಿಂದ ಹೊರಬರುವಾಗ ಒತ್ತಡ 10 ಪಿಎಸ್‌ಐ, ಅಂದರೆ 0.7 ಬಾರ್ ಮೀರಬಾರದು; ಒಳಗೆ ಹೋಗುವಾಗ ಸಾಮಾನ್ಯವಾಗಿ 2 ಬಾರ್ ಆಸುಪಾಸು. ಕಡಿಮೆ ಒತ್ತಡದಲ್ಲಿ ಹನಿಗಳು ತಗಡಿಗೆ ಬಡಿದು ಎಗರಿ ಹೋಗುವುದು ಕಡಿಮೆ. ಹಳೆಯ ಹೆಚ್ಚು ಒತ್ತಡದ ಗನ್ನಿನಲ್ಲಿ ಬಣ್ಣದ ಮೂರನೇ ಒಂದು ಭಾಗದಷ್ಟು ಮಾತ್ರ ಕಾರಿಗೆ ಅಂಟಿದರೆ, ಇದರಲ್ಲಿ 65 ಪ್ರತಿಶತವಾದರೂ ಅಂಟುತ್ತದೆ. ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ನಿಯಮಗಳು ಈ ಗನ್ನುಗಳನ್ನು ಬಳಕೆಗೆ ತಂದದ್ದೇ ಅದಕ್ಕೆ. ನಮಗೆ ಅದು ಬಣ್ಣದ ಬಿಲ್ಲಿನಲ್ಲಿ ಉಳಿತಾಯ. ಆದರೆ ಗಾಳಿ 12ರಿಂದ 15 ಸಿಎಫ್‌ಎಂ ಬೇಕು. ಅಷ್ಟು ಇಲ್ಲದವರು ಎಲ್‌ವಿಎಲ್‌ಪಿ (ಗಾಳಿಯೂ ಕಡಿಮೆ, ಒತ್ತಡವೂ ಕಡಿಮೆ) ನೋಡಿ, ಅಥವಾ ಮಿನಿ ಗನ್ನಿನಲ್ಲಿ ಒಂದೊಂದೇ ಪ್ಯಾನೆಲ್ ಮಾಡಿ. ಕೋಟಿನ ನಡುವೆ ಟ್ಯಾಂಕ್ ತುಂಬಲು ಕಾಯುವ ತಾಳ್ಮೆ ಇದ್ದರೆ ಚಿಕ್ಕ ಕಂಪ್ರೆಸರಿನಲ್ಲೂ ಒಳ್ಳೆಯ ಕೆಲಸ ತೆಗೆಯಬಹುದು.

ಒಂದು ತಮಾಷೆ ಗೊತ್ತೇ? ಡೆವಿಲ್‌ಬಿಸ್ ಹೆಸರಿನ ಗನ್ ನೋಡಿರುತ್ತೀರಿ. ಆ ಹೆಸರಿನ ಮೂಲ ಪುರುಷ ಅಮೆರಿಕದ ಟೊಲಿಡೊ ಊರಿನ ಒಬ್ಬ ವೈದ್ಯ. ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು 1880ರ ದಶಕದಲ್ಲಿ ಆತ ಮಾಡಿದ ಉಪಕರಣವೇ ಮಗನ ಕೈಯಲ್ಲಿ ಬಣ್ಣದ ಗನ್ ಆಯಿತು.

ನಾಜಲ್ ಅಳತೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ: ಬೇಸ್ ಕೋಟಿಗೆ (ಕ್ಲಿಯರಿನ ಕೆಳಗಿನ ಬಣ್ಣದ ಕೋಟ್) 1.2 ಅಥವಾ 1.3, ಕ್ಲಿಯರಿಗೆ 1.3 ಅಥವಾ 1.4, ಪ್ರೈಮರ್ ಸರ್ಫೇಸರಿಗೆ (ಬಣ್ಣಕ್ಕೆ ಮೊದಲು ಹೊಡೆಯುವ ದಪ್ಪ ತಳದ ಕೋಟ್) 1.6ರಿಂದ 1.8. ಎಲ್ಲವೂ ಎಂಎಂ. ಪ್ರೈಮರಿಗೆ ಬೇರೆಯೇ ಒಂದು ಅಗ್ಗದ ಗನ್ ಇಡಿ. ಪ್ರೈಮರ್ ಹೊಡೆದ ಗನ್ನನ್ನು ಎಷ್ಟು ತೊಳೆದರೂ ಒಂದು ದಿನ ಅದರ ಚೂರು ಕ್ಲಿಯರಿನ ಮೇಲೆ ಬಂದು ಕೂರುತ್ತದೆ.

ಬಣ್ಣ

ನಮ್ಮ ಕಡೆ ಮರದ ಬೀರುವಿಗೂ "ಡ್ಯೂಕೊ ಹೊಡೆಸಿದ್ದೀವಿ" ಅನ್ನುತ್ತಾರಲ್ಲ, ಅದು ಡ್ಯೂಪಾಂಟ್ ಕಂಪನಿಯ ನೈಟ್ರೊಸೆಲ್ಯುಲೋಸ್ ಲ್ಯಾಕರಿನ ಹೆಸರು. 1920ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳಿಗೆ ಹೊಡೆದಾಗ, ಬ್ರಶ್ಶಿನಿಂದ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದ ಕೆಲಸ ದಿನಗಳಿಗೆ ಇಳಿಯಿತು. ಅಂಗಡಿಯಲ್ಲಿ ಈಗ ಎನ್‌ಸಿ ಅಂತ ಕೇಳಿದರೆ ಕೊಡುವುದು ಇದೇ ಜಾತಿ. ಥಿನ್ನರ್ ಹಾರಿಹೋದರೆ ಒಣಗಿತು, ಅಷ್ಟೇ. ಒಳಗೆ ಯಾವ ರಾಸಾಯನಿಕ ಕ್ರಿಯೆಯೂ ಇಲ್ಲ. ಆದ್ದರಿಂದಲೇ ಒಣಗಿದ ಮೇಲೂ ಥಿನ್ನರಿಗೆ ಕರಗುತ್ತದೆ, ಪೆಟ್ರೋಲ್ ಬಿದ್ದರೆ ಕಲೆಯಾಗುತ್ತದೆ, ಬಿಸಿಲಿಗೆ ಹೊಳಪು ಸಾಯುತ್ತದೆ.

2ಕೆ ಪಿಯು, ಅಂದರೆ ಬಣ್ಣ ಮತ್ತು ಹಾರ್ಡ್‌ನರ್ (ಗಟ್ಟಿ ಮಾಡುವ ದ್ರವ) ಎರಡನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್, ಬೇರೆ. ಹಾರ್ಡ್‌ನರ್ ಬೆರೆತ ಕ್ಷಣದಿಂದ ಬಟ್ಟಲಿನೊಳಗೇ ಕ್ರಿಯೆ ಶುರು. ಗಟ್ಟಿಯಾದ ಮೇಲೆ ಥಿನ್ನರಿಗೂ ಬಗ್ಗುವುದಿಲ್ಲ. ಬಿಳಿ, ಕೆಂಪಿನಂಥ ಸಾದಾ ಬಣ್ಣಗಳನ್ನು ಇದರಲ್ಲೇ ಒಂದೇ ಹಂತದಲ್ಲಿ ಮುಗಿಸಬಹುದು. ಮೆಟಾಲಿಕ್ ಮತ್ತು ಪರ್ಲ್ ಆದರೆ ಬೇಸ್ ಕೋಟ್, ಅದರ ಮೇಲೆ 2ಕೆ ಕ್ಲಿಯರ್. ಬೇಸ್ 15ರಿಂದ 20 ಮೈಕ್ರಾನ್ ಇದ್ದರೆ ಸಾಕು, ಹೊಳಪು ಪೂರ್ತಿ ಕ್ಲಿಯರಿನದು, ಅದು 40ರಿಂದ 50 ಮೈಕ್ರಾನ್.

ಗ್ಯಾರೇಜಿಗೆ ಬಂದ ಹಳೆಯ ಕಾರಿಗೆ ಮೊದಲೇ ಯಾರೋ ಬಣ್ಣ ಹೊಡೆದಿದ್ದರೆ ಮರೆಯ ಮೂಲೆಯಲ್ಲಿ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಬಂದರೆ ಕೆಳಗಿರುವುದು ಎನ್‌ಸಿ, ಇಲ್ಲವೇ ಸರಿಯಾಗಿ ಗಟ್ಟಿಯಾಗದ ಪೇಂಟ್. ಅದರ ಮೇಲೆ ನೇರವಾಗಿ 2ಕೆ ಹೊಡೆದರೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತದೆ. ಕೆರೆದು ತೆಗೆಯುವುದೇ ದಾರಿ.

ಥಿನ್ನರಿನಲ್ಲಿ ಕಂಜೂಸಿ ಮಾಡುವವರಿಗೆ ಒಂದು ಮಾತು. ಪಿಯುಗೆ ಎನ್‌ಸಿ ಥಿನ್ನರ್ ಹಾಕಬೇಡಿ. ಅಗ್ಗದ ಎನ್‌ಸಿ ಥಿನ್ನರಿನಲ್ಲಿ ಸಾಮಾನ್ಯವಾಗಿ ಆಲ್ಕೊಹಾಲ್ ಇರುತ್ತದೆ. ಹಾರ್ಡ್‌ನರಿನ ಐಸೊಸೈನೇಟ್ ಬಣ್ಣದ ರಾಳದ ಜೊತೆ ಸೇರುವ ಬದಲು ಆ ಆಲ್ಕೊಹಾಲಿನ ಜೊತೆ ಸೇರಿಬಿಡುತ್ತದೆ. ಕೋಟ್ ನೋಡಲು ಒಣಗಿದ ಹಾಗಿರುತ್ತದೆ, ವಾರವಾದರೂ ಉಗುರು ಒತ್ತಿದರೆ ಗುರುತು ಬೀಳುತ್ತದೆ. ನೀರಿನ ಜೊತೆಗೂ ಹಾರ್ಡ್‌ನರಿಗೆ ಇದೇ ಚಪಲ. ತೇವ ಸಿಕ್ಕರೆ ಕಾರ್ಬನ್ ಡೈ ಆಕ್ಸೈಡ್ ಬಿಟ್ಟು ಗುಳ್ಳೆ ಏಳಿಸುತ್ತದೆ. ಹಾಗಾಗಿ ಮುಚ್ಚಳ ಬಿಗಿಯಾಗಿರಲಿ, ಮಬ್ಬಾದ ಹಾರ್ಡ್‌ನರ್ ಎಸೆಯಿರಿ, ಮಂಗಳೂರು, ಮಡಿಕೇರಿಯ ಮಳೆಗಾಲದಲ್ಲಿ ವಾಟರ್ ಟ್ರ್ಯಾಪನ್ನು (ಗಾಳಿಯ ನೀರು ಹಿಡಿಯುವ ಬಟ್ಟಲು) ದಿನಕ್ಕೆ ಎರಡು ಸಲ ಬಸಿಯಿರಿ. ಕಲಬುರಗಿಯ ಏಪ್ರಿಲ್ಲಿಗೆ ನಿಧಾನ ಆರುವ ಥಿನ್ನರ್ ಬೇಕು, ಇಲ್ಲದಿದ್ದರೆ ಹನಿ ತಗಡಿಗೆ ತಲುಪುವ ಮೊದಲೇ ಅರೆಬರೆ ಆರಿ, ಹರಡಿಕೊಳ್ಳದೆ ಒರಟಾಗುತ್ತದೆ.

ಇದೇ ಐಸೊಸೈನೇಟ್ ಶ್ವಾಸಕೋಶಕ್ಕೂ ಹೋಗುತ್ತದೆ. ಅಪಾಯದ ಮಟ್ಟ ಮುಟ್ಟಿದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಚೂರು ತಾಗಿದರೂ ಉಬ್ಬಸ ಬರುತ್ತದೆ. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದ ಕಡೆ ಇದ್ದಿಲ ಫಿಲ್ಟರಿನ ಮಾಸ್ಕನ್ನಾದರೂ ಮುಖಕ್ಕೆ ಸಂದಿಲ್ಲದೆ ಕೂರಿಸಿ, ಫಿಲ್ಟರ್ ಕಾಲಕಾಲಕ್ಕೆ ಬದಲಿಸಿ, ಗಾಳಿಯಾಡುವ ಜಾಗದಲ್ಲಿ ಹೊಡೆಯಿರಿ. ಎರಡೂ ಇಲ್ಲದಿದ್ದರೆ 2ಕೆ ಮುಟ್ಟಬೇಡಿ.

ಮೆಟಾಲಿಕ್ ಹೊಡೆಯುವಾಗ ಗನ್ನೂ ಬಣ್ಣವೂ ಒಂದೇ ಪಾಠವಾಗುತ್ತವೆ. ಒಣ ಒಣ ಹೊಡೆದರೆ ಅಲ್ಯೂಮಿನಿಯಂ ಚೂರುಗಳು ಮೇಲೇ ಉಳಿದು ಶೇಡ್ ತಿಳಿಯಾಗುತ್ತದೆ, ಒದ್ದೆಯಾಗಿ ಹೊಡೆದರೆ ಕೆಳಗೆ ಮುಳುಗಿ ಗಾಢವಾಗುತ್ತದೆ. ಬಣ್ಣದ ಕೋಡ್ ಸರಿಯಿದ್ದರೂ ಬಾಗಿಲು ಫೆಂಡರಿಗೆ ಹೊಂದುವುದಿಲ್ಲ, ಬಯ್ಯಿಸಿಕೊಳ್ಳುವವನು ಬಣ್ಣದ ಅಂಗಡಿಯವನು. ಅದಕ್ಕೇ ಕಾರಿಗೆ ಹೊಡೆಯುವ ಗನ್ನಿನಲ್ಲೇ, ಅದೇ ಒತ್ತಡದಲ್ಲಿ, 15ರಿಂದ 20 ಸೆಂಟಿಮೀಟರ್ ದೂರದಿಂದ ಒಂದು ತಗಡಿನ ಚೂರಿಗೆ ಹೊಡೆದು, ಕ್ಲಿಯರ್ ಹಾಕಿ, ಬಿಸಿಲಿಗೆ ಹಿಡಿದು ನೋಡಿ.

ಆ ಬಾನೆಟ್ಟಿನ ಗುಳಿಗಳನ್ನು ನಾನು 2000 ನಂಬರಿನ ವಾಟರ್ ಪೇಪರಿನಿಂದ ಉಜ್ಜಲು ಹೋಗಿ, ಅಂಚಿನ ಗೆರೆಯಲ್ಲಿ ಕ್ಲಿಯರ್ ದಾಟಿ ಬೇಸನ್ನೇ ಹೊರತೆಗೆದೆ. ಮರುದಿನ ಮೇಸ್ತ್ರಿಯ 3 ಎಚ್‌ಪಿ ಮಶೀನಿಗೆ ಅದೇ ಗನ್ ಸಿಕ್ಕಿಸಿ ಬೇಸ್, ಕ್ಲಿಯರ್ ಎರಡನ್ನೂ ಮತ್ತೆ ಹೊಡೆದೆವು. ಟ್ರಿಗರ್ ಒತ್ತಿದಾಗ ಗೇಜ್ ಎಡದಿಂದ ಬಲದ ತುದಿಯವರೆಗೆ 2 ಬಾರ್‌ನಲ್ಲೇ ನಿಂತಿತ್ತು.