ದಿನಕ್ಕೆ 3 ಡಾಲರ್ ಅಂದರೆ 250 ರೂಪಾಯಿ ಅಲ್ವಾ? ಮತ್ತೆ ನಮ್ಮೂರಲ್ಲಿ ಬಡವರು ಕಡಿಮೆ ಆಗಿದ್ದು ಹೇಗೆ?

ಗದಗ ತಾಲೂಕಿನ ಓದುಗರೊಬ್ಬರ ಪ್ರಶ್ನೆ. ಅವರ ಮಾತಲ್ಲೇ ಇಡುತ್ತೇನೆ: "ಸರ್, ದಿನಕ್ಕ 3 ಡಾಲರ್‌ಕಿಂತ ಕಡಿಮಿ ಇದ್ದವರು ಕಡುಬಡವರು ಅಂತ ವಿಶ್ವಬ್ಯಾಂಕ್ ಹೇಳತೈತಿ. 3 ಡಾಲರ್ ಅಂದ್ರ 250 ರೂಪಾಯಿ ಮ್ಯಾಲೇ ಆತು. ನಮ್ಮೂರಾಗ ಅರ್ಧ ಮಂದಿಗೆ ದಿನಾ 250 ಸಿಗೂದಿಲ್ಲ. ಮತ್ತ ಭಾರತದಾಗ ನೂರಕ್ಕ ಬರೇ ಐದು ಮಂದಿ ಬಡವರು ಅಂತಾರಲ್ಲ, ಇದೆಂಥಾ ಲೆಕ್ಕ?"

ಪ್ರಶ್ನೆ ಸರಿಯಾಗಿಯೇ ಇದೆ. 3 ಡಾಲರ್ ಅಂತ ಪೇಪರ್‌ನಲ್ಲಿ ಓದಿದವರೆಲ್ಲ ಮೊಬೈಲ್ ತೆಗೆದು ಅವತ್ತಿನ ಡಾಲರ್ ದರದಿಂದ ಗುಣಿಸುವುದು ಸಹಜ. ಆದರೆ ಇದು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳುವ ಡಾಲರ್ ಅಲ್ಲ.

ಅಮೆರಿಕದಲ್ಲಿ ಒಂದು ಡಾಲರ್‌ಗೆ ಎಷ್ಟು ಸಾಮಾನು ಬರುತ್ತದೋ, ಅಷ್ಟೇ ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಬರುತ್ತದೆ ಅಂತ ನೋಡಿ ಮಾಡಿದ ಲೆಕ್ಕ ಅದು. ಪಿಪಿಪಿ ಅಂತ ಕರೆಯುತ್ತಾರೆ, ಕೊಳ್ಳುವ ಶಕ್ತಿಯ ಲೆಕ್ಕ ಅಂದುಕೊಳ್ಳಿ. ನೂರಾರು ಸಾಮಾನಿನ ದರವನ್ನು ಜಗತ್ತಿನ ದೇಶಗಳಲ್ಲೆಲ್ಲ ಕೇಳಿ ಬರೆದುಕೊಂಡು ಇದನ್ನು ಮಾಡುತ್ತಾರೆ. ಹುಬ್ಬಳ್ಳಿಯಲ್ಲಿ ಕಟಿಂಗ್ ಮಾಡಿಸುವ ದುಡ್ಡಿಗೆ ನ್ಯೂಯಾರ್ಕ್‌ನಲ್ಲಿ ಯಾರೂ ಕತ್ತರಿ ಮುಟ್ಟುವುದಿಲ್ಲ. ಮನೆ ಬಾಡಿಗೆ, ಬಸ್ ಚಾರ್ಜು, ತರಕಾರಿ ಎಲ್ಲ ಹಾಗೇ. ಈ ಲೆಕ್ಕದಲ್ಲಿ ಒಂದು ಡಾಲರ್‌ಗೆ ಭಾರತದಲ್ಲಿ ಸುಮಾರು 20 ರೂಪಾಯಿ. ಅಂದರೆ 3 ಡಾಲರ್ ಅಂದರೆ 2021ರ ಬೆಲೆಯಲ್ಲಿ ದಿನಕ್ಕೆ 60 ರೂಪಾಯಿ ಚಿಲ್ಲರೆ. ಆಮೇಲಿನ ಬೆಲೆ ಏರಿಕೆ ಸೇರಿಸಿದರೆ ಇವತ್ತಿಗೆ 75ರ ಆಸುಪಾಸು.

ಹೌದು, 250 ಅಲ್ಲ, 75. ಹುಬ್ಬಳ್ಳಿಯ ಸಾಧಾರಣ ಖಾನಾವಳಿಯಲ್ಲಿ ಒಂದು ಊಟ ಮಾಡಿದರೆ ಆ ದಿನದ ಲೆಕ್ಕ ಅಲ್ಲಿಗೇ ಮುಗಿಯಿತು. ಬಟ್ಟೆ, ಔಷಧ, ಕರೆಂಟು, ಶಾಲೆ ಖರ್ಚು ಎಲ್ಲವೂ ಆ 75ರೊಳಗೇ ಬರಬೇಕು. 2011ರಲ್ಲಿ ಯೋಜನಾ ಆಯೋಗ ನಗರದಲ್ಲಿ ದಿನಕ್ಕೆ 32, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವರು ಬಡವರಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೇಳಿ ಬೈಸಿಕೊಂಡಿದ್ದು ನೆನಪಿದೆಯಾ? ಇದೂ ಅದೇ ಜಾತಿಯ ಬಡತನದ ಗೆರೆ. ಡಾಲರ್‌ನಲ್ಲಿ ಬರೆದಿದ್ದಕ್ಕೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಈ 75 ದುಡಿಯುವವನ ಲೆಕ್ಕವಲ್ಲ, ತಲೆಯ ಲೆಕ್ಕ. ತೊಟ್ಟಿಲಲ್ಲಿರುವ ಕೂಸಿಗೂ 75, ಕಟ್ಟೆ ಮೇಲೆ ಕೂತ ಅಜ್ಜಿಗೂ 75, ವರ್ಷದ 365 ದಿನವೂ. ಇನ್ನೊಂದು, ನಮ್ಮ ದೇಶದಲ್ಲಿ ನೋಡುವುದು ಗಳಿಕೆಯನ್ನಲ್ಲ, ಖರ್ಚನ್ನು. ಮನೆಯ ಹೊಲದ ಜೋಳಕ್ಕೂ, ಸ್ವಂತ ಎಮ್ಮೆಯ ಹಾಲಿಗೂ ದರ ಕಟ್ಟಿ ಅದರಲ್ಲೇ ಸೇರಿಸುತ್ತಾರೆ. ಹಾಗಾಗಿ "ದಿನಕ್ಕೆ 250 ಸಿಗೂದಿಲ್ಲ" ಅನ್ನುವುದೂ, "ನೂರಕ್ಕೆ ಐದೇ ಮಂದಿ" ಅನ್ನುವುದೂ ಒಟ್ಟಿಗೇ ನಿಜ ಇರಬಹುದು.

ಒಂದು ಮನೆ ತೆಗೆದುಕೊಂಡು ನೋಡೋಣ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಹೊರಗಿನ ಕೆಲಸಕ್ಕೂ ಅಷ್ಟೇ ಸಿಕ್ಕಿತು, ದುಡಿದದ್ದೆಲ್ಲ ಖರ್ಚಾಯಿತು ಅಂದುಕೊಳ್ಳಿ. ಗಂಡನಿಗೆ ತಿಂಗಳಲ್ಲಿ 18 ದಿನ ಕೆಲಸ ಸಿಕ್ಕರೆ 6,660 ರೂಪಾಯಿ. ಐದು ತಲೆಗೆ, 30 ದಿನಕ್ಕೆ ಹಂಚಿದರೆ ತಲಾ 44. ಗೆರೆಯಿಂದ ಎಷ್ಟೋ ಕೆಳಗೆ. ಈಗ ಹೆಂಡತಿಯೂ ಅಷ್ಟೇ ದಿನ ಕೂಲಿಗೆ ಹೋದಳು. ತಲಾ 88 ಆಯಿತು. ಅಲ್ಲಿಗೆ ಇಡೀ ಮನೆ "ಕಡುಬಡತನದಿಂದ ಹೊರಗೆ". ಕಾಗದದಲ್ಲಿ ಅವರು ಬಡವರಲ್ಲ.

ಅವರಿಗೂ ಗೆರೆಗೂ ನಡುವೆ ಇರುವ ಅಂತರ ಎಷ್ಟು ಗೊತ್ತಾ? ತಲಾ 13 ರೂಪಾಯಿ, ಇಡೀ ಮನೆಗೆ ತಿಂಗಳಿಗೆ 1,950. ಗೃಹಲಕ್ಷ್ಮಿಯ 2,000 ಬಂದರೆ ಆ ಅಂತರ ಎರಡರಷ್ಟಾಗುತ್ತದೆ. ಫೈನಾನ್ಸಿನವರ ಒಂದು ಕಂತು ಕಟ್ಟಬೇಕಾಗಿ ಬಂದರೆ ಅಷ್ಟೂ ಹೋಗುತ್ತದೆ. ಹೆಂಡತಿ ಬಸುರಿಯಾಗಿ ಆರು ತಿಂಗಳು ಮನೆಯಲ್ಲಿ ಕೂತರೆ ಮತ್ತೆ 44. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ನೋಡಬೇಕಾದದ್ದು ಇದನ್ನೇ: ಗೆರೆ ದಾಟಿದವರು ಎಷ್ಟು ಅನ್ನುವುದಕ್ಕಿಂತ, ದಾಟಿದವರು ಗೆರೆಯಿಂದ ಎಷ್ಟು ದೂರ ನಿಂತಿದ್ದಾರೆ ಅನ್ನುವುದು.

ಇದಕ್ಕೆ ವಿಶ್ವಬ್ಯಾಂಕಿನ ಅಂಕಿಯೇ ಸಾಕ್ಷಿ. ದಿನಕ್ಕೆ 3 ಡಾಲರ್ ಗೆರೆಯಲ್ಲಿ ಭಾರತದ ಕಡುಬಡವರು 2011-12ರಲ್ಲಿ ಶೇ 27.1 ಇದ್ದರು, 2022-23ಕ್ಕೆ ಶೇ 5.3ಕ್ಕೆ ಇಳಿದರು. ಅದೇ ವಿಶ್ವಬ್ಯಾಂಕ್ ನಮ್ಮಂಥ ಕೆಳ ಮಧ್ಯಮ ಆದಾಯದ ದೇಶಗಳಿಗೆ 4.20 ಡಾಲರ್ ಅಂತ ಇನ್ನೊಂದು ಗೆರೆ ಇಟ್ಟಿದೆ. ಆ ಗೆರೆ ಹಾಕಿದರೆ ಅದೇ 2022-23ರಲ್ಲಿ ಬಡವರು ಶೇ 23.9. ಎರಡು ಗೆರೆಗಳ ನಡುವೆ ಇರುವುದು 2021ರ ಬೆಲೆಯಲ್ಲಿ ಬರೇ 25 ರೂಪಾಯಿ. ಆ 25 ರೂಪಾಯಿ ಸಂದಿಯಲ್ಲಿ ದೇಶದ ಐದರಲ್ಲಿ ಒಂದು ಪಾಲಿನಷ್ಟು ಜನ ಇದ್ದಾರೆ. ನಮ್ಮ ಓದುಗರ ಊರಿನ "ಅರ್ಧ ಮಂದಿ"ಯಲ್ಲಿ ಬಹಳಷ್ಟು ಜನ ಅಲ್ಲೇ ಇರಬೇಕು.

ಹಾಗಂತ ಇಳಿಕೆಯೇ ಸುಳ್ಳು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ರೇಷನ್ ಅಕ್ಕಿ, ರಸ್ತೆ, ಕರೆಂಟು, ಹೊರಗೆ ದುಡಿದು ಮನೆಗೆ ಕಳಿಸುವ ಹಣ, ಇವೆಲ್ಲ ನಮ್ಮ ಕಣ್ಣೆದುರೇ ಬಂದಿವೆ. ಆದರೆ ಒಂದು ತಕರಾರು ನ್ಯಾಯವಾದದ್ದು. ಸರ್ಕಾರ ಮಾಡಿದ ಮನೆ ಖರ್ಚಿನ 2011-12ರ ಸಮೀಕ್ಷೆಯೂ 2022-23ರ ಸಮೀಕ್ಷೆಯೂ ಪ್ರಶ್ನೆ ಕೇಳುವ ರೀತಿಯಲ್ಲಿ ಒಂದೇ ಥರ ಇಲ್ಲ. ಹೊಸದರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಬೇರೆ ಬೇರೆ ಖರ್ಚು ಕೇಳುತ್ತಾರೆ, ಹಾಗಾಗಿ ಮೊದಲು ಮರೆತುಹೋಗುತ್ತಿದ್ದ ಖರ್ಚೂ ಲೆಕ್ಕಕ್ಕೆ ಸಿಗುತ್ತದೆ. ಮಧ್ಯದಲ್ಲಿ 2017-18ರ ಸಮೀಕ್ಷೆ ಮಾಡಿದರು, ಅದರ ಫಲಿತಾಂಶವನ್ನು ಸರ್ಕಾರ ಹೊರಗೆ ಬಿಡಲೇ ಇಲ್ಲ. ಇಳಿದದ್ದು ನಿಜ, ಇಷ್ಟೇ ಇಳಿಯಿತು ಅಂತ ದಶಾಂಶದ ಲೆಕ್ಕದಲ್ಲಿ ಎದೆ ತಟ್ಟಿ ಹೇಳುವುದು ಕಷ್ಟ.

ಗೆರೆಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 1990ರಲ್ಲಿ ದಿನಕ್ಕೆ 1 ಡಾಲರ್ ಅಂತ ಶುರುವಾಯಿತು. ಆಮೇಲೆ 1.25, 2015ರಲ್ಲಿ 1.90, 2022ರಲ್ಲಿ 2.15, 2025ರ ಜೂನ್‌ನಲ್ಲಿ 3. ಜಗತ್ತಿನ ತೀರಾ ಬಡ ದೇಶಗಳು ತಮ್ಮ ತಮ್ಮಲ್ಲಿ ಹಾಕಿಕೊಂಡ ಬಡತನ ರೇಖೆಗಳನ್ನು ಸಾಲಾಗಿ ಇಟ್ಟು ನಡುವಿನದನ್ನು ಎತ್ತಿಕೊಳ್ಳುತ್ತಾರೆ. ಕಳೆದ ಸಲ ಆ ದೇಶಗಳೇ ತಮ್ಮ ಗೆರೆ ಮೇಲಕ್ಕೇರಿಸಿದ್ದವು. ಅದರಿಂದಾಗಿ 2022ರ ಜಗತ್ತಿನ ಕಡುಬಡವರ ಸಂಖ್ಯೆ 71.3 ಕೋಟಿ ಇದ್ದದ್ದು 83.8 ಕೋಟಿ ಆಯಿತು. ಯಾರ ಮನೆಯ ಒಲೆಯಲ್ಲೂ ಏನೂ ಬದಲಾಗದೆ 12.5 ಕೋಟಿ ಜನ ಪಟ್ಟಿಗೆ ಸೇರಿದರು.

ಈ ಜನ ಎಲ್ಲಿದ್ದಾರೆ ಅಂದರೆ, ಬಹುಪಾಲು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ. ಮೂವತ್ತು ವರ್ಷದ ಹಿಂದೆ ಬಡತನ ಅಂದರೆ ಚೀನಾ ಮತ್ತು ನಾವು. ಈಗ ನೈಜೀರಿಯಾ, ಕಾಂಗೋ, ಇಥಿಯೋಪಿಯಾ. ಯುದ್ಧ ಇದ್ದ ಕಡೆ ಬಡತನ ಜಗ್ಗುವುದೇ ಇಲ್ಲ.

ದುಡ್ಡು ಬಿಟ್ಟು ಬೇರೆ ಥರ ಅಳೆಯುವವರೂ ಇದ್ದಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಸೇರಿ 2010ರಿಂದ ಬಹು ಆಯಾಮದ ಬಡತನ ಸೂಚ್ಯಂಕ ಮಾಡುತ್ತಿದ್ದಾರೆ. ಅದರಲ್ಲಿ ಸಂಬಳ ಕೇಳುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಅಪೌಷ್ಟಿಕತೆ ಇದೆಯಾ, ಮಕ್ಕಳು ಶಾಲೆಗೆ ಹೋಗುತ್ತಾರಾ, ಅಡುಗೆ ಕಟ್ಟಿಗೆಯಲ್ಲಾ ಗ್ಯಾಸಿನಲ್ಲಾ, ನೀರು ಎಷ್ಟು ದೂರ, ಪಾಯಖಾನೆ ಇದೆಯಾ, ಇಂಥ ಹತ್ತು ಸಂಗತಿ ನೋಡುತ್ತಾರೆ. 2024ರ ವರದಿ ಪ್ರಕಾರ 112 ದೇಶಗಳಲ್ಲಿ 110 ಕೋಟಿ ಜನ ಬಡವರು, ಅದರಲ್ಲಿ 58.4 ಕೋಟಿ 18 ವರ್ಷದೊಳಗಿನ ಮಕ್ಕಳು. ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಹಳ್ಳಿಯವರು. 45.5 ಕೋಟಿ ಜನ ಸಂಘರ್ಷ ಇರುವ ದೇಶಗಳಲ್ಲಿದ್ದಾರೆ. ಮತ್ತೆ ಒಂದೇ ದೇಶ ಅಂತ ನೋಡಿದರೆ ಅತಿ ಹೆಚ್ಚು ಇರುವುದು ನಮ್ಮಲ್ಲೇ, 23.4 ಕೋಟಿ. ಇದು 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿ ಮೇಲೆ ನಿಂತ ಲೆಕ್ಕ. ನೀತಿ ಆಯೋಗ ಅದೇ ಸಮೀಕ್ಷೆ ಹಿಡಿದು, ಇನ್ನೆರಡು ಸಂಗತಿ ಸೇರಿಸಿ, ದೇಶದಲ್ಲಿ ಶೇ 14.96, ಕರ್ನಾಟಕದಲ್ಲಿ ಶೇ 7.58 ಅಂತ ಹೇಳಿತು.

ಮಕ್ಕಳು ಅರ್ಧಕ್ಕಿಂತ ಜಾಸ್ತಿ ಯಾಕೆ? ದುಡ್ಡಿನ ಲೆಕ್ಕದಲ್ಲೇ ನೋಡಲು ಮೇಲಿನ ಐದು ಜನರ ಮನೆಗೆ ವಾಪಸ್ ಬನ್ನಿ. ಇನ್ನೊಂದು ಮಗು ಹುಟ್ಟಿದರೆ ಗಳಿಕೆ ಅಷ್ಟೇ, ಹಂಚುವ ತಲೆ ಆರು. 88 ಇದ್ದದ್ದು 74, ಇಡೀ ಮನೆ ಗೆರೆಯ ಕೆಳಗೆ.

ನಮ್ಮ ಭಾಗದಲ್ಲಿ ಇನ್ನೊಂದು ಗುಂಪಿದೆ, ಗುಳೆ ಹೋಗುವವರು. ಗದಗ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು ಕಡೆ ಗಟ್ಟಿ ಹೆಗಲಿನವರೆಲ್ಲ ಹೊರಡುತ್ತಾರೆ. ಕೂಲಿ ಅಲ್ಲಿ ಜಾಸ್ತಿ, ಆದ್ದರಿಂದ ಖರ್ಚಿನ ಲೆಕ್ಕದಲ್ಲಿ ಅವರು ಬಡವರಾಗಿ ಕಾಣದೇ ಇರಬಹುದು. ಆದರೆ ಶೆಡ್ಡಿನಲ್ಲಿ ವಾಸ, ಮಕ್ಕಳ ಶಾಲೆ ಅರ್ಧಕ್ಕೆ ಕಟ್, ರೇಷನ್ ಕಾರ್ಡು ಊರಲ್ಲಿ, ಅಂಗನವಾಡಿಯ ಹೆಸರು ಊರಲ್ಲಿ. ಸಮೀಕ್ಷೆಯವರು ಬಂದಾಗ ಮನೆಗೆ ಬೀಗ ಇದ್ದರೆ ಬದಲಿ ಮನೆ ಹಿಡಿಯುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳದು ಇದಕ್ಕೆ ಉಲ್ಟಾ ಕಥೆ. ಊರು ಬಿಡುವುದಿಲ್ಲ, ಆದರೆ ಕೂಲಿ ಕಿಲೋ ಲೆಕ್ಕ. ಬೆರಳು, ಕಣ್ಣು ಉರಿಯುತ್ತಿರುತ್ತವೆ, ಕೈ ನಿಧಾನವಾದರೆ ದುಡ್ಡೂ ಕಡಿಮೆ. ಆವಕ ಜೋರಿದ್ದಾಗ ಗೆರೆಯ ಮೇಲೆ, ಇಲ್ಲದಾಗ ಕೆಳಗೆ. ವರ್ಷಕ್ಕೆ ಒಂದು ಅಂಕಿ ಕೊಡುವ ಸಮೀಕ್ಷೆಯಲ್ಲಿ ಈ ಏರಿಳಿತ ಎಲ್ಲಿ ಕಾಣಬೇಕು?

ಇನ್ನು ಒಂಟಿ ಮುದುಕರು. ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ವಿಧವಾ ವೇತನ 800, ದಿನಕ್ಕೆ 27ರ ಹತ್ತಿರ. ಮಗ ಬೆಂಗಳೂರಲ್ಲಿದ್ದು ದುಡ್ಡು ಕಳಿಸದ, ಪಿಂಚಣಿ ಒಂದನ್ನೇ ನಂಬಿದ ಅಜ್ಜಿಯ ಲೆಕ್ಕ ಹಾಕಲು ಯಾವ ಡಾಲರೂ ಬೇಡ. ಸರ್ಕಾರ ಕೊಡುವ ಪಿಂಚಣಿಯೇ ವಿಶ್ವಬ್ಯಾಂಕಿನ ಅತಿ ಕೆಳಗಿನ ಗೆರೆಯ ಕೆಳಗಿದೆ. ಇದು ನನಗೆ ಶೇ 5.3ಕ್ಕಿಂತ ದೊಡ್ಡ ಸುದ್ದಿ ಅನ್ನಿಸುತ್ತದೆ, ಆದರೆ ಇದು ಹೆಡ್‌ಲೈನ್ ಆಗುವುದಿಲ್ಲ.

ಇದೇ ಓದುಗರು ಕೊನೆಗೆ ಒಂದು ಸಾಲು ಸೇರಿಸಿದ್ದರು, ಬಹುಶಃ ನಿಜವಾದ ಆತಂಕ ಅದೇ: "ಬಡವರು ಕಡಿಮಿ ಆಗ್ಯಾರ ಅಂತ ನಮ್ಮ ಬಿಪಿಎಲ್ ಕಾರ್ಡ್ ಕಿತ್ತಕೋತಾರೇನ್ರಿ?"

ಈ ಗೆರೆ ನೋಡಿ ಕಿತ್ತುಕೊಳ್ಳುವುದಿಲ್ಲ. ವಿಶ್ವಬ್ಯಾಂಕಿನ ಗೆರೆಗೂ ನಿಮ್ಮ ಕಾರ್ಡಿಗೂ ಸಂಬಂಧವೇ ಇಲ್ಲ. ಕರ್ನಾಟಕದಲ್ಲಿ ಬಿಪಿಎಲ್‌ಗೆ ಕುಟುಂಬದ ವರಮಾನ ವರ್ಷಕ್ಕೆ 1.2 ಲಕ್ಷ ದಾಟಬಾರದು ಅಂತ ನಿಯಮ. ಐದು ಜನರಿಗೆ ಹಂಚಿದರೆ ದಿನಕ್ಕೆ ತಲಾ 66 ರೂಪಾಯಿ, ಇಬ್ಬರೇ ಇದ್ದರೆ 164. ಮನೆಯಲ್ಲಿ ಎಷ್ಟು ತಲೆ ಅಂತ ಆ ನಿಯಮ ಕೇಳುವುದೇ ಇಲ್ಲ. ಕಾರ್ಡ್ ರದ್ದು ಮಾಡುವಾಗ ನೋಡುವುದು ಆದಾಯ ತೆರಿಗೆ ಕಟ್ಟುತ್ತೀರಾ, ಸ್ವಂತಕ್ಕೆ ಕಾರು ಇದೆಯಾ, ಒಣಬೇಸಾಯದ ಜಮೀನು ಏಳೂವರೆ ಎಕರೆ ದಾಟಿದೆಯಾ ಅನ್ನುವಂಥದ್ದನ್ನು. ಮನೆಯಲ್ಲಿ ಮಗ ಯಾವುದೋ ಲೋನ್‌ಗೆ ಬೇಕು ಅಂತ ಐಟಿ ರಿಟರ್ನ್ ಹಾಕಿದ್ದರೆ ಮೊದಲು ಅದನ್ನು ವಿಚಾರಿಸಿಕೊಳ್ಳಿ.